ಗುಂಡಿ ಒಂದೇ, ಬೆಳಕು ಹಲವು

ಟಾರ್ಚ್ ಕೊಳ್ಳಲು ಹೋದವರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲೆ ಬೆಳಕಿನ ಪ್ರಮಾಣ ಹೇಳುವ ದೊಡ್ಡ ಅಂಕಿಗೆ. ಒಂದರ ಮೇಲೆ 500 ಲ್ಯೂಮೆನ್, ಪಕ್ಕದ್ದರ ಮೇಲೆ 1000, ಅದರಾಚೆಯದರ ಮೇಲೆ 3000. ಬೆಳಕು ಎಷ್ಟು ಮೀಟರ್ ದೂರ ಹೋಗುತ್ತದೆ, ಎಷ್ಟು ಗಂಟೆ ಉರಿಯುತ್ತದೆ, ಕೈತಪ್ಪಿ ಬಿದ್ದರೆ ಏನಾಗುತ್ತದೆ, ಮಳೆಯಲ್ಲಿ ನೆನೆದರೆ ಏನಾಗುತ್ತದೆ ಎಂಬುದೆಲ್ಲ ಅಲ್ಲೇ ಪುಟ್ಟ ಪುಟ್ಟ ಚಿತ್ರಗಳ ಜೊತೆ ಅಚ್ಚಾಗಿರುತ್ತದೆ. ಇಲ್ಲದಿರುವುದು ಒಂದೇ ವಿವರ: ಗುಂಡಿ ಒತ್ತಿದರೆ ಏನಾಗುತ್ತದೆ? ಮೊದಲ ಸಲಕ್ಕೆ ಯಾವ ಬೆಳಕು, ಎರಡನೆಯ ಸಲಕ್ಕೆ ಯಾವುದು, ಆರಿಸಬೇಕೆಂದರೆ ಎಷ್ಟು ಸಲ ಒತ್ತಬೇಕು? ಟಾರ್ಚು ಕೈಗೆ ಬಂದ ಮೇಲೆ ದಿನವೂ ಎದುರಾಗುವುದು ಈ ಪ್ರಶ್ನೆಗಳೇ. ಜೇಬಿಗೆ ಹಿಡಿಯುವ ಟಾರ್ಚಿನ ಯೋಗ್ಯತೆಯನ್ನು ಅದರ ಗುಂಡಿಯಿಂದಲೇ ಅಳೆಯಬೇಕು, ಲ್ಯೂಮೆನ್ ಆಮೇಲಿನ ಮಾತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಡಬ್ಬಿ ಈ ವಿಷಯದಲ್ಲಿ ಮೌನವಾಗಿರುವುದಕ್ಕೆ ಕಾರಣವಿದೆ. ಅದರ ಮೇಲಿನ ಚಿತ್ರ, ಅಂಕಿಗಳು ಬಂದದ್ದು 2009ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಎಎನ್‌ಎಸ್‌ಐ ಎಫ್‌ಎಲ್‌1 ಎಂಬ ಮಾನದಂಡದಿಂದ. ಅಲ್ಲಿಯವರೆಗೆ ಒಬ್ಬೊಬ್ಬ ತಯಾರಕರು ತಮಗೆ ತೋಚಿದಂತೆ ಅಳೆದು ತಮಗೆ ಬೇಕಾದ ಅಂಕಿ ಬರೆಯುತ್ತಿದ್ದರು. ಈಗ ಲ್ಯೂಮೆನ್ ಅಳೆಯುವುದು ಟಾರ್ಚು ಹೊತ್ತಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಬೆಳಕಿನ ದೂರ ಎಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗದವರೆಗಿನ ಅಂತರ, ಅಂದರೆ ಹೆಚ್ಚುಕಡಿಮೆ ತಿಳಿ ಆಕಾಶದ ಹುಣ್ಣಿಮೆ ಬೆಳಕು ಉಳಿಯುವಷ್ಟು ದೂರ. ಉರಿಯುವ ಅವಧಿ ಎಂದರೆ ಆರಂಭದ ಬೆಳಕಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತು. ಒಳ್ಳೆಯ ಕೆಲಸವೇ ಆಯಿತು. ಆದರೆ ಆ ಮಾನದಂಡ ಅಳೆಯುವುದು ಬೆಳಕನ್ನು, ಗಟ್ಟಿತನವನ್ನು, ನೀರು ತಡೆಯುವ ಶಕ್ತಿಯನ್ನು. ಗುಂಡಿ ಹೇಗಿರಬೇಕೆಂದು ಅದು ಹೇಳುವುದಿಲ್ಲ. ಹಾಗಾಗಿ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿರುವ ನಾಲ್ಕು ಟಾರ್ಚುಗಳು ಒಂದೇ ಒತ್ತಿಗೆ ನಾಲ್ಕು ರೀತಿ ನಡೆದುಕೊಳ್ಳುತ್ತವೆ.

ಮೊದಲು ಹೀಗಿರಲಿಲ್ಲ. ಡೇವಿಡ್ ಮಿಸೆಲ್ ಎಂಬಾತ ರೂಪಿಸಿದ ಕೊಳವೆಯಾಕಾರದ ಕೈದೀಪಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1899ರ ಜನವರಿಯಲ್ಲಿ. ಕಾನ್ರಾಡ್ ಹ್ಯೂಬರ್ಟ್ ನಡೆಸುತ್ತಿದ್ದ, ಮುಂದೆ ಎವರ್ ರೆಡಿ ಎಂದು ಹೆಸರಾದ ಕಂಪನಿಯ ಕೈಗೆ ಅದು ಹೋಯಿತು. ಅಂದಿನ ಸೆಲ್ಲುಗಳಿಗೆ ಒಂದೇ ಸಮನೆ ವಿದ್ಯುತ್ ಕೊಡುವ ತಾಕತ್ತಿರಲಿಲ್ಲ. ಕ್ಷಣಕಾಲ ಬೆಳಗಿಸಿ, ಬಿಟ್ಟು, ಸೆಲ್ಲಿಗೆ ಸುಧಾರಿಸಿಕೊಳ್ಳಲು ಬಿಡಬೇಕಿತ್ತು. ಆದ್ದರಿಂದ ಒತ್ತಿ ಹಿಡಿದಷ್ಟು ಹೊತ್ತು ಬೆಳಕು, ಬೆರಳು ತೆಗೆದರೆ ಕತ್ತಲೆ ಎನ್ನುವ ಕ್ರಮ ಟಾರ್ಚಿನ ಹುಟ್ಟಿನಿಂದಲೇ ಬಂತು. ಆಗ ಸೆಲ್ಲಿನ ಬಡತನದಿಂದ ಬಂದ ಆ ಕ್ರಮವನ್ನು ಇಂದು ಪೊಲೀಸರ ಟಾರ್ಚುಗಳಲ್ಲಿ ಬೇಕೆಂದೇ ಇಡುತ್ತಾರೆ.

ನಮ್ಮ ಹಳ್ಳಿಮನೆಗಳ ಗೋಡೆಗೆ ತೂಗುತ್ತಿದ್ದ ಎವರೆಡಿ, ಜೀಪ್ ಟಾರ್ಚುಗಳನ್ನು ನೆನೆಸಿಕೊಳ್ಳಿ. ಲೋಹದ ಕೊಳವೆ, ಒಳಗೆ ಎರಡೋ ಮೂರೋ ದಪ್ಪ ಸೆಲ್ಲು, ಮೈಮೇಲೆ ಒಂದು ಜಾರುಗುಂಡಿ. ಗುಂಡಿ ಹಿಂದಿದ್ದರೆ ಆರಿದೆ, ಮುಂದಿದ್ದರೆ ಹೊತ್ತಿದೆ. ಹಲವು ಮಾದರಿಗಳಲ್ಲಿ ಅದರ ಜೊತೆಗೇ ಒಂದು ಪುಟ್ಟ ಒತ್ತುಗುಂಡಿಯೂ ಇರುತ್ತಿತ್ತು, ಪಕ್ಕದ ಮನೆಯವರಿಗೆ ಸನ್ನೆ ಮಾಡಲು, ದಾರಿಯಲ್ಲಿ ಒಂದು ಗಳಿಗೆ ಬೆಳಕು ಬಿಟ್ಟು ಸೆಲ್ಲು ಉಳಿಸಲು. ಈ ಜಾರುಗುಂಡಿಯ ದೊಡ್ಡ ಗುಣ ಏನೆಂದರೆ ಟಾರ್ಚು ಯಾವ ಸ್ಥಿತಿಯಲ್ಲಿದೆ ಎಂಬುದು ಕೈಗೇ ತಿಳಿಯುತ್ತದೆ. ಸೆಲ್ಲು ಮುಗಿದು ಬೆಳಕೇ ಬಾರದಿದ್ದರೂ, ಗುಂಡಿ ಮುಂದಿದೆಯೋ ಹಿಂದಿದೆಯೋ ಎಂದು ಹೆಬ್ಬೆರಳು ಹೇಳುತ್ತದೆ.

ಇದು ಸಣ್ಣ ವಿಷಯವಲ್ಲ. 1979ರಲ್ಲಿ ಆ್ಯಪಲ್ ಕಂಪನಿಯಲ್ಲಿ ಮ್ಯಾಕಿಂಟಾಶ್ ಯೋಜನೆಯನ್ನು ಆರಂಭಿಸಿದ ಜೆಫ್ ರಸ್ಕಿನ್, 2000ದಲ್ಲಿ ಪ್ರಕಟವಾದ 'ದಿ ಹ್ಯೂಮೇನ್ ಇಂಟರ್‌ಫೇಸ್' ಪುಸ್ತಕದಲ್ಲಿ ಕಂಪ್ಯೂಟರಿನ ಗೊಂದಲಗಳನ್ನು ವಿವರಿಸಲು ಎತ್ತಿಕೊಂಡದ್ದು ಟಾರ್ಚನ್ನೇ. ಒಮ್ಮೆ ಒತ್ತಿದರೆ ಹೊತ್ತುವ, ಇನ್ನೊಮ್ಮೆ ಒತ್ತಿದರೆ ಆರುವ ಗುಂಡಿಯ ಟಾರ್ಚು ಚೀಲದೊಳಗಿದೆ ಎಂದುಕೊಳ್ಳಿ. ಅದನ್ನು ಹೊರತೆಗೆದು ನೋಡದೆ, ಈಗ ಒತ್ತಿದರೆ ಹೊತ್ತುತ್ತದೋ ಆರುತ್ತದೋ ಎಂದು ಹೇಳುವಂತಿಲ್ಲ. ಒಂದೇ ಕ್ರಿಯೆಗೆ ಎರಡು ಫಲ. ಯಾವ ಫಲ ಎಂಬುದು ಕಣ್ಣಿಗೆ ಕಾಣದ ಸ್ಥಿತಿಯ ಮೇಲೆ ನಿಂತಿದೆ. ಎರಡೇ ಸ್ಥಿತಿಯಿರುವ ಟಾರ್ಚಿಗೇ ಈ ಪಾಡಾದರೆ, ಏಳೆಂಟು ಸ್ಥಿತಿಗಳಿರುವ ಇಂದಿನ ಟಾರ್ಚಿನ ಗತಿ ಏನು?

ಏಳೆಂಟು ಸ್ಥಿತಿಗಳು ಬಂದದ್ದು ಎಲ್‌ಇಡಿಯಿಂದ. ಹಳೆಯ ಬಲ್ಬಿನ ಟಾರ್ಚಿನಲ್ಲಿ ಸೆಲ್ಲು, ತಂತಿ, ಬಲ್ಬು, ಸ್ವಿಚ್ಚು ಒಂದೇ ಸಾಲಿನಲ್ಲಿದ್ದವು. ನಡುವೆ ಯೋಚಿಸುವ ವಸ್ತು ಯಾವುದೂ ಇರಲಿಲ್ಲ. ಬಿಳಿ ಎಲ್‌ಇಡಿ 1990ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಅಳೆದು ವಿದ್ಯುತ್ ಕೊಡಲು ಒಂದು ಪುಟ್ಟ ಸರ್ಕಿಟ್ಟು ಬೇಕು. ಆ ಸರ್ಕಿಟ್ಟಿಗೆ ಅಗ್ಗದ ಒಂದು ಚಿಪ್ ಸೇರಿಸಿದರೆ ಬೆಳಕನ್ನು ಬೇಕಾದಷ್ಟು ಮೆಟ್ಟಿಲುಗಳಾಗಿ ಒಡೆಯಬಹುದು. ಮೆಟ್ಟಿಲು ಹೆಚ್ಚಿದವು, ಗುಂಡಿ ಮಾತ್ರ ಒಂದೇ ಉಳಿಯಿತು.

ಟಾರ್ಚಿಗೆ ಬೇಕಾದದ್ದನ್ನು ಹೇಳುವ ಉಪಾಯಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದು ತಿರುಗಿಸುವುದು. 1984ರಲ್ಲಿ ಬಂದ ಮಿನಿ ಮ್ಯಾಗ್‌ಲೈಟ್‌ಗೆ ಗುಂಡಿಯೇ ಇರಲಿಲ್ಲ. ಟೋನಿ ಮ್ಯಾಗ್ಲಿಕಾ ಅವರ ಕಂಪನಿ ಮಾಡಿದ ಈ ಟಾರ್ಚಿಗೆ ಎರಡು ಪೆನ್ಸಿಲ್ ಸೆಲ್ಲು ಸಾಕು. ತಲೆಯನ್ನು ಸ್ವಲ್ಪ ತಿರುಗಿಸಿದರೆ ಹೊತ್ತುತ್ತದೆ, ಇನ್ನೂ ತಿರುಗಿಸುತ್ತ ಹೋದರೆ ಬೆಳಕಿನ ವೃತ್ತ ಹರಡುತ್ತದೆ. ತಲೆಯನ್ನು ಪೂರ್ತಿ ಕಳಚಿ, ಅದನ್ನೇ ಬುಡವಾಗಿ ಇಟ್ಟು ಟಾರ್ಚನ್ನು ಮೇಲೆ ನಿಲ್ಲಿಸಿದರೆ ಬರಿಯ ಬಲ್ಬು ಮೊಂಬತ್ತಿಯ ಹಾಗೆ ಸುತ್ತಲೂ ಬೆಳಗುತ್ತದೆ. ಹಿಂಬದಿಯ ಮುಚ್ಚಳದೊಳಗೆ ಒಂದು ಹೆಚ್ಚುವರಿ ಬಲ್ಬನ್ನೂ ಇಟ್ಟಿದ್ದರು. ಆ ಚಿಕ್ಕ ಕೊಳವೆಯಲ್ಲಿ ಅಷ್ಟು ವಿಚಾರ ಮಾಡಿದವರ ಮೇಲೆ ನನಗೆ ಬಹಳ ಗೌರವ. ಕೀಲಿಗೊಂಚಲಿಗೆ ಹಾಕುವ ಪುಟಾಣಿ ಟಾರ್ಚುಗಳಲ್ಲಿ ಇಂದಿಗೂ ಈ ತಿರುಪೇ ಹೆಚ್ಚು, ಏಕೆಂದರೆ ಕೆಡುವಂಥ ಬಿಡಿಭಾಗ ಅದರಲ್ಲಿ ಕಡಿಮೆ. ಕೊರತೆ ಒಂದೇ, ಎರಡು ಕೈ ಬೇಕು. ಒಂದು ಕೈಯಲ್ಲಿ ಕೊಡೆಯೋ ಮಗುವೋ ಇದ್ದರೆ ಕಷ್ಟ.

ಒಂದೇ ಕೈಯಲ್ಲಿ ಆಗಬೇಕೆಂದರೆ ಗುಂಡಿಯನ್ನು ಟಾರ್ಚಿನ ಹಿಂಬದಿಗೆ ತರಬೇಕು. ಇಲ್ಲಿ ಎರಡು ಪಂಗಡಗಳಿವೆ, ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಮೊದಲನೆಯ ಪಂಗಡದಲ್ಲಿ ರಬ್ಬರ್ ಗುಂಡಿಯನ್ನು ಅರ್ಧ ಒತ್ತುವಷ್ಟರಲ್ಲೇ ಬೆಳಕು ಬರುತ್ತದೆ. ಬೆರಳು ಸಡಿಲಿಸಿದರೆ ಆರುತ್ತದೆ. ಟಕ್ ಎನ್ನುವವರೆಗೆ ಪೂರ್ತಿ ಒತ್ತಿದರೆ ಹೊತ್ತಿಯೇ ಉಳಿಯುತ್ತದೆ. ಕೊಟ್ಟಿಗೆಯಲ್ಲಿ ಏನೋ ಸದ್ದಾಯಿತು, ಒಂದು ಸಲ ನೋಡಿ ಬರಬೇಕು ಎನ್ನುವ ಕೆಲಸಕ್ಕೆ ಇದರಷ್ಟು ಹೊಂದುವುದು ಬೇರೊಂದಿಲ್ಲ. ಶೂರ್‌ಫೈರ್ 6ಪಿ ಎಂಬ ಹೆಸರಾಂತ ಟಾರ್ಚು ಇದನ್ನೇ ಬೇರೆ ದಾರಿಯಿಂದ ಸಾಧಿಸಿತ್ತು: ಹಿಂಬದಿ ಒತ್ತಿದರೆ ಕ್ಷಣದ ಬೆಳಕು, ಅದೇ ಮುಚ್ಚಳ ತಿರುಗಿಸಿದರೆ ನಿಂತ ಬೆಳಕು.

ಎರಡನೆಯ ಪಂಗಡದಲ್ಲಿ ಮೊದಲು ಪೂರ್ತಿ ಒತ್ತಿ ಬಿಡಬೇಕು. ಬೆಳಕು ಬರುವುದು ಬೆರಳು ಎತ್ತಿದ ಮೇಲೆ. ಆಮೇಲೆ ಅರ್ಧ ಒತ್ತಿದರೆ ಬೆಳಕು ಒಂದು ಕ್ಷಣ ಕಡಿದು, ಬಿಟ್ಟಾಗ ಮುಂದಿನ ಮೆಟ್ಟಿಲಿನಲ್ಲಿ ಬರುತ್ತದೆ. ಮಂದದಿಂದ ಮಧ್ಯಮ, ಮಧ್ಯಮದಿಂದ ಜೋರು. ಟಾರ್ಚ್ ಪ್ರಿಯರ ನಡುವೆ ಹೆಸರಾದ ಚೀನಾದ ಕಾನ್ವಾಯ್ ಎಸ್2 ಪ್ಲಸ್ ಈ ಪಂಗಡದ್ದು. ಇದರೊಳಗಿನ ಜಾಣತನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಂಬದಿಯ ಸ್ವಿಚ್ಚಿನಿಂದ ಮುಂಬದಿಯ ಚಿಪ್ಪಿಗೆ ಸಂದೇಶ ಒಯ್ಯುವ ಬೇರೆ ತಂತಿಯೇ ಇಲ್ಲ. ಸ್ವಿಚ್ಚು ಮಾಡಬಲ್ಲದ್ದು ವಿದ್ಯುತ್ತನ್ನು ಕಡಿಯುವುದು, ಜೋಡಿಸುವುದು, ಅಷ್ಟೇ. ಕಡಿದಾಗ ಚಿಪ್ಪಿಗೂ ಜೀವ ಹೋಗುತ್ತದೆ. ಹಾಗಿದ್ದರೆ, ಮತ್ತೆ ಎಚ್ಚರವಾದಾಗ, ಈಗ ಕಡಿದದ್ದು ಮೆಟ್ಟಿಲು ಬದಲಿಸಲೋ ಅಥವಾ ನಿನ್ನೆ ರಾತ್ರಿಯೇ ಆರಿಸಿಟ್ಟಿದ್ದರೋ ಎಂದು ಅದಕ್ಕೆ ತಿಳಿಯುವುದು ಹೇಗೆ? ಒಂದು ವಿಧಾನದಲ್ಲಿ ಸರ್ಕಿಟ್ಟಿನ ಒಂದು ಪುಟ್ಟ ಕೆಪಾಸಿಟರ್ ಈ ಕೆಲಸ ಮಾಡುತ್ತದೆ. ವಿದ್ಯುತ್ ಹೋದ ಕೂಡಲೇ ಅದರಲ್ಲಿ ತುಂಬಿದ್ದ ಚಾರ್ಜು ನಿಧಾನವಾಗಿ ಸೋರತೊಡಗುತ್ತದೆ. ಚಿಪ್ಪು ಎದ್ದ ತಕ್ಷಣ ಅದನ್ನು ಅಳೆದು ನೋಡುತ್ತದೆ. ಒಲೆ ಮುಟ್ಟಿ, ಇನ್ನೂ ಬಿಸಿಯಿದೆ, ಈಗಷ್ಟೇ ಆರಿಸಿದ್ದಾರೆ ಎಂದು ತಿಳಿಯುವ ಹಾಗೆ. ಚಾರ್ಜು ಉಳಿದಿದ್ದರೆ ಮುಂದಿನ ಮೆಟ್ಟಿಲು. ಬರಿದಾಗಿದ್ದರೆ ಹೊಸದಾಗಿ ಆರಂಭ.

ಈ ಎರಡು ಪಂಗಡಗಳಲ್ಲಿ ಯಾವುದು ಮೇಲು? ಮೆಟ್ಟಿಲುಗಳನ್ನು ಮೇಲಿಂದ ಮೇಲೆ ಬದಲಿಸುವವರಿಗೆ ಎರಡನೆಯದು ಅನುಕೂಲ, ಟಾರ್ಚು ಆರಿಸದೆಯೇ ಹೆಬ್ಬೆರಳಿನ ತುದಿಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮನೆಯಲ್ಲಿ ವಯಸ್ಸಾದವರ ಕೈಗೆ ಕೊಡುವುದಾದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ನಡುಗುವ ಬೆರಳು ಅರ್ಧ ಒತ್ತಿದರೂ ಬೆಳಕು ಬರುತ್ತದೆ. ಎರಡನೆಯದರಲ್ಲಿ ಅರಿಯದೆ ಅರ್ಧ ಒತ್ತಿದರೆ ಇದ್ದ ಬೆಳಕೂ ಬದಲಾಗಿಬಿಡುತ್ತದೆ, "ಇದ್ಯಾಕೋ ಕೆಟ್ಟುಹೋಗಿದೆ ಕಣೋ" ಎಂದು ಟಾರ್ಚನ್ನು ಮೂಲೆಗಿಡುತ್ತಾರೆ.

ಮೂರನೆಯ ದಾರಿ ಮೈಮೇಲಿನ ಎಲೆಕ್ಟ್ರಾನಿಕ್ ಗುಂಡಿ. ಮೊಬೈಲಿನ ಪಕ್ಕದ ಗುಂಡಿಯಂಥದ್ದೇ ಇದು. ಇಲ್ಲಿ ವಿದ್ಯುತ್ ಕಡಿಯುವುದೇ ಇಲ್ಲ. ಚಿಪ್ಪು ಸದಾ ಅರೆನಿದ್ದೆಯಲ್ಲಿರುತ್ತದೆ, ಗುಂಡಿಯನ್ನು ಎಷ್ಟು ಸಲ, ಎಷ್ಟು ಹೊತ್ತು ಒತ್ತಿದಿರಿ ಎಂದು ಎಣಿಸುತ್ತದೆ. ಹಾಗಾಗಿ ಒಂದು ಗುಂಡಿಗೆ ಒಂದು ಭಾಷೆಯನ್ನೇ ಕಲಿಸಬಹುದು. ಆಂಡುರಿಲ್ ಎಂಬ ತಂತ್ರಾಂಶ ಇದರ ತುದಿ ಮುಟ್ಟಿದೆ. ಯಾರು ಬೇಕಾದರೂ ತೆರೆದು ತಿದ್ದಬಹುದಾದ ಈ ತಂತ್ರಾಂಶವನ್ನು ಹಲವು ಚೀನೀ ಕಂಪನಿಗಳು ತಮ್ಮ ಟಾರ್ಚುಗಳಲ್ಲಿ ಹಾಕಿಕೊಂಡಿವೆ. ಒಮ್ಮೆ ಒತ್ತಿದರೆ ಹೊತ್ತುತ್ತದೆ, ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಆರಿರುವಾಗ ಒತ್ತಿ ಹಿಡಿದರೆ ಅತ್ಯಂತ ಮಂದ ಬೆಳಕಿನಿಂದ ಶುರುವಾಗುತ್ತದೆ. ಹೊತ್ತಿರುವಾಗ ಒತ್ತಿ ಹಿಡಿದರೆ ಬೆಳಕು ಮೆಟ್ಟಿಲಿಲ್ಲದೆ ಏರುತ್ತ ಹೋಗುತ್ತದೆ, ಬಿಟ್ಟು ತಕ್ಷಣ ಮತ್ತೆ ಹಿಡಿದರೆ ಇಳಿಯುತ್ತದೆ. ಎರಡು ಸಲ ಬೇಗಬೇಗ ಒತ್ತಿದರೆ ಇರುವುದರಲ್ಲೇ ಜೋರಾದ ಬೆಳಕು. ಆರಿರುವಾಗ ಮೂರು ಸಲಕ್ಕೆ ಬ್ಯಾಟರಿಯ ಮಟ್ಟವನ್ನು ಮಿನುಗಿ ಹೇಳುತ್ತದೆ, ನಾಲ್ಕು ಸಲಕ್ಕೆ ಬೀಗ ಹಾಕಿಕೊಳ್ಳುತ್ತದೆ.

ನನಗೆ ಬೆಳಕನ್ನು ಹೀಗೆ ಏರಿಸಿ ಇಳಿಸುವುದು ಬಹಳ ಇಷ್ಟ. ಪುಸ್ತಕದ ಪುಟಕ್ಕೆ ಎಷ್ಟು ಬೇಕೋ ಅಷ್ಟು, ತೋಟದ ಬೇಲಿಗೆ ಎಷ್ಟು ಬೇಕೋ ಅಷ್ಟು. ಆದರೆ ಮೂರನ್ನೂ ನಾಲ್ಕನ್ನೂ ಎಣಿಸಿ ಒತ್ತುವುದು ಕತ್ತಲಲ್ಲಿ ಗಾಬರಿಯಾದ ಕೈಗೆ ಆಗುವ ಮಾತಲ್ಲ. ಈ ತಂತ್ರಾಂಶ ಬರೆದವರಿಗೂ ಅದು ಗೊತ್ತು. ಆದ್ದರಿಂದಲೇ ಆಂಡುರಿಲ್‌ನ ಎರಡನೆಯ ಆವೃತ್ತಿಯಲ್ಲಿ ಸರಳ ಕ್ರಮವೊಂದನ್ನು ಸೇರಿಸಿ, ಅತಿ ಜೋರು ಬೆಳಕನ್ನೂ ಬಹಳಷ್ಟು ಆಯ್ಕೆಗಳನ್ನೂ ಅದರ ಹಿಂದೆ ಮರೆಮಾಡಿದರು. ಒಂದು ಟಾರ್ಚನ್ನು ಮನೆಮಂದಿಯೆಲ್ಲ ಬಳಸುವುದಾದರೆ ಅದನ್ನು ಆ ಸರಳ ಕ್ರಮದಲ್ಲೇ ಇಡುವುದು ಲೇಸು.

ಅತಿ ಜೋರು ಬೆಳಕಿನ ಮೋಹದ ಬಗ್ಗೆ ಒಂದು ಮಾತು. ನಮ್ಮ ಕಣ್ಣು ಬೆಳಕನ್ನು ಅಳೆಯುವ ಲೆಕ್ಕವೇ ಬೇರೆ. 1000 ಲ್ಯೂಮೆನ್ ಕಣ್ಣಿಗೆ 250 ಲ್ಯೂಮೆನ್ನಿನ ನಾಲ್ಕು ಪಟ್ಟು ಕಾಣುವುದಿಲ್ಲ, ಸುಮಾರು ಎರಡು ಪಟ್ಟು ಕಂಡೀತು. ಎಲ್‌ಇಡಿಗೆ ಹೋದ ವಿದ್ಯುತ್ತಿನ ದೊಡ್ಡ ಪಾಲು ಬಿಸಿಯಾಗುತ್ತದೆ. ಬೆರಳುದ್ದದ ಅಲ್ಯೂಮಿನಿಯಂ ಕೊಳವೆಗೆ ಅಷ್ಟು ಬಿಸಿಯನ್ನು ಹೊರಹಾಕುವ ಶಕ್ತಿಯಿಲ್ಲ. ಕೆಲವೇ ನಿಮಿಷಗಳಲ್ಲಿ ಚಿಪ್ಪು ತಾನಾಗಿ ಬೆಳಕನ್ನು ಇಳಿಸುತ್ತದೆ. ಡಬ್ಬಿಯ ಮೇಲಿನ 1000ವೂ ನಿಜ, 'ಎರಡು ಗಂಟೆ' ಎಂಬ ಅವಧಿಯೂ ನಿಜ, ಆದರೆ ಎರಡು ಗಂಟೆಯೂ 1000 ಲ್ಯೂಮೆನ್ ಎಂದು ಓದಿಕೊಂಡರೆ ತಪ್ಪು. ಇನ್ನೊಂದು ಕಡೆ, ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಹತ್ತಿರ ಬೇಕು. ನಡುರಾತ್ರಿ ನೀರು ಕುಡಿಯಲು ಎದ್ದವರ ಮುಖಕ್ಕೆ ಜೋರು ಬೆಳಕು ಬಡಿದರೆ, ಆರಿಸಿದ ಮೇಲೆ ಮೊದಲಿಗಿಂತ ಹೆಚ್ಚು ಕುರುಡು. ಒಂದು ಲ್ಯೂಮೆನ್ನಿಗೂ ಕಡಿಮೆಯ ಮಂದ ಬೆಳಕು ಆಗ ಸಾಕಾಗಿ ಮಿಗುತ್ತದೆ. ಹಾಗಾಗಿ ಮೊದಲ ಒತ್ತಿಗೆ ಯಾವ ಬೆಳಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಮಂದ ಅಥವಾ ಮಧ್ಯಮ, ಎಂದೂ ಜೋರಲ್ಲ.

ಹಿಂದಿನ ಸಲ ಬಳಸಿದ ಮೆಟ್ಟಿಲನ್ನೇ ನೆನಪಿಟ್ಟುಕೊಂಡು ಅಲ್ಲಿಂದಲೇ ಆರಂಭಿಸುವ ಟಾರ್ಚುಗಳು ಅನೇಕ. ಒಬ್ಬರೇ ಬಳಸುವ ಟಾರ್ಚಿಗೆ ಇದು ಸರಿ. ಮನೆಯ ಎಲ್ಲರ ಕೈ ಹಾಯುವ ಟಾರ್ಚಿನಲ್ಲಿ, ಸಂಜೆ ಮೊಮ್ಮಗ ಜೋರಿಗಿಟ್ಟು ಆಡಿದ್ದು ರಾತ್ರಿ ಅಜ್ಜಿಯ ಕಣ್ಣಿಗೆ ಬಡಿಯುತ್ತದೆ. ಇನ್ನು ಮಿನುಗು ಬೆಳಕು. ಮಂದ, ಮಧ್ಯಮ, ಜೋರು ಆದ ಮೇಲೆ ಸುತ್ತಿನಲ್ಲಿ ಪಟಪಟ ಮಿನುಗುವುದನ್ನೂ ಎಸ್‌ಒಎಸ್ ಅನ್ನೂ ಸೇರಿಸಿರುವ ಟಾರ್ಚುಗಳನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಜೋರಿನಿಂದ ಮಂದಕ್ಕೆ ಮರಳಬೇಕೆಂದರೆ ಪ್ರತಿಸಲವೂ ಆ ಮಿನುಗನ್ನು ದಾಟಿಯೇ ಬರಬೇಕು. ಅಪಾಯದ ಸನ್ನೆಗೆಂದು ಮಿನುಗು ಬೇಕಿದ್ದರೆ ಇರಲಿ, ಒತ್ತಿ ಹಿಡಿದರೆ ಮಾತ್ರ ಸಿಗುವ ಹಾಗೆ ಬೇರೆ ಕಡೆ ಇರಲಿ.

ಕರ್ನಾಟಕದಲ್ಲಿ ಇದು ಬರಿಯ ಸೌಕರ್ಯದ ಮಾತಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಎಷ್ಟೋ ಕಡೆ ರಾತ್ರಿ ಪಾಳಿಯಲ್ಲಿ ಬರುತ್ತದೆ. ರೈತ ಕತ್ತಲಲ್ಲಿ ಬದುವಿನ ಮೇಲೆ ನಡೆದು ಹೋಗಿ ಮೋಟಾರು ಹಾಕಬೇಕು, ನೀರು ತಿರುವಬೇಕು. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಟಾರ್ಚು, ಕೈಯೆಲ್ಲ ಕೆಸರು. ಕೊಳಕುಮಂಡಲ ತರಗೆಲೆಯ ಬಣ್ಣದಲ್ಲೇ ಕರಗಿ ಮಲಗಿರುತ್ತದೆ, ಕಟ್ಟುಹಾವು ಓಡಾಡುವುದೇ ರಾತ್ರಿ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾವು ಕಡಿತ ತಪ್ಪಿಸಲು ವೈದ್ಯರು ಹೇಳುವ ಮೊದಲ ಮಾತುಗಳಲ್ಲಿ ಒಂದು, ರಾತ್ರಿ ಟಾರ್ಚು ಹಿಡಿದು ನಡೆಯಿರಿ ಎನ್ನುವುದು. ಆ ಕೆಲಸಕ್ಕೆ ದೂರದ ಬೆಳಕು ಬೇಡ. ಕಾಲಿನ ಮುಂದೆ ಒಂದೆರಡು ಮಾರು ಹರಡಿ ಬೀಳುವ, ಕಂದು ಕಂದಾಗಿಯೇ ಕಾಣುವ, ಇಡೀ ರಾತ್ರಿ ಒಂದೇ ಸಮ ಉರಿಯುವ ಮಧ್ಯಮ ಬೆಳಕು ಬೇಕು. ಬಣ್ಣವನ್ನು ನಿಜವಾಗಿ ತೋರಿಸುವ ಗುಣಕ್ಕೆ ಸಿಆರ್‌ಐ ಎಂಬ ಅಳತೆಯಿದೆ. ಅಗ್ಗದ ನೀಲಿಬಿಳಿ ಎಲ್‌ಇಡಿಗಳಲ್ಲಿ ಅದು ಹೆಚ್ಚಾಗಿ 70ರ ಆಸುಪಾಸು, ಒಳ್ಳೆಯವುಗಳಲ್ಲಿ 90ಕ್ಕೂ ಮೇಲೆ. ಲ್ಯೂಮೆನ್ ಸ್ವಲ್ಪ ಕಡಿಮೆಯಾದರೂ ಎರಡನೆಯದನ್ನೇ ಕೊಳ್ಳಿ.

ಮೊಬೈಲಿನಲ್ಲೇ ಟಾರ್ಚಿದೆಯಲ್ಲ ಎನ್ನುತ್ತೀರಿ. ಕೆಸರಾದ, ಒದ್ದೆಯಾದ ಬೆರಳನ್ನು ಟಚ್‌ಸ್ಕ್ರೀನ್ ಸರಿಯಾಗಿ ಗುರುತಿಸುವುದಿಲ್ಲ. ಪರದೆ ಬೆಳಗಿಸಿ, ಎಳೆದು, ಚಿಹ್ನೆ ಹುಡುಕಿ ಮುಟ್ಟಬೇಕು. 2003ರಲ್ಲಿ ಬಂದ ನೋಕಿಯಾ 1100ರಲ್ಲಿ ನೆತ್ತಿಯ ಮೇಲೆ ಟಾರ್ಚು, ಅದಕ್ಕೊಂದು ಕೈಗೆ ತಗಲುವ ನಿಜವಾದ ಕೀಲಿಯಿತ್ತು. ಜಗತ್ತಿನಲ್ಲಿ 25 ಕೋಟಿ ಮಾರಾಟವಾದ ಆ ಫೋನನ್ನು ನಮ್ಮ ಜನ ಅಷ್ಟು ಮೆಚ್ಚಿಕೊಳ್ಳಲು ಅದೂ ಒಂದು ಕಾರಣ. ಮೊಟೊರೊಲಾ ಫೋನುಗಳಲ್ಲಿ ಕೈಯನ್ನು ಕೊಡಲಿ ಬೀಸುವಂತೆ ಎರಡು ಸಲ ಆಡಿಸಿದರೆ ಟಾರ್ಚು ಹೊತ್ತುತ್ತದೆ, ಒಳ್ಳೆಯ ಉಪಾಯ. ಆದರೂ ಬದುವಿನ ಮೇಲೆ ಕಾಲು ಜಾರಿ ನೀರಿಗೆ ಬೀಳುವುದು ಟಾರ್ಚಾದರೆ ನಷ್ಟ ಕಡಿಮೆ, ಹಾವು ಕಚ್ಚಿದ ಹೊತ್ತಿನಲ್ಲಿ ಫೋನಿಗೆ ಚಾರ್ಜೂ ಉಳಿದಿರಬೇಕು.

ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದು ಎಲೆಕ್ಟ್ರಾನಿಕ್ ಗುಂಡಿಯ ದೊಡ್ಡ ಕಾಟ. ಜೋರು ಬೆಳಕಿನ ಟಾರ್ಚು ಹಾಗೆ ಹೊತ್ತಿದರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಇದಕ್ಕೆ ಬಹುತೇಕ ಅಲ್ಯೂಮಿನಿಯಂ ಟಾರ್ಚುಗಳಲ್ಲಿ ಸುಲಭದ ಪರಿಹಾರವಿದೆ: ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ತಿರುಪಿನ ಎಳೆಗಳಿಗೆ ಅನೊಡೈಸಿಂಗ್ ಎಂಬ ಲೇಪನ ಆಗಿದ್ದರೆ ಅವು ವಿದ್ಯುತ್ ಹರಿಯಗೊಡುವುದಿಲ್ಲ. ಮುಚ್ಚಳ ಪೂರ್ತಿ ಬಿಗಿದಾಗ ಕೊಳವೆಯ ಬರಿಯ ಅಂಚು ಒಳಗೆ ತಾಗಿದರೆ ಮಾತ್ರ ಸರ್ಕಿಟ್ಟು ಕೂಡುತ್ತದೆ. ಅರೆನಿದ್ದೆಯ ಚಿಪ್ಪು ತಿಂಗಳುಗಟ್ಟಲೆ ಹನಿಹನಿಯಾಗಿ ಕುಡಿಯುವ ವಿದ್ಯುತ್ತೂ ಇದರಿಂದ ಉಳಿಯುತ್ತದೆ. ಕಾರಿನಲ್ಲೋ ಬೀರುವಿನಲ್ಲೋ ಇಟ್ಟು ಮರೆಯುವ ಟಾರ್ಚಿಗೆ ಇದು ಬೇಕೇ ಬೇಕು.

ಸೆಲ್ಲಿನ ವಿಚಾರ ಚುಟುಕಾಗಿ. ಆಲ್ಕಲೈನ್ ಸೆಲ್ಲನ್ನು ಟಾರ್ಚಿನೊಳಗೆ ವರ್ಷಗಟ್ಟಲೆ ಬಿಟ್ಟರೆ ಸೋರಿ ಸ್ಪ್ರಿಂಗನ್ನೂ ಸ್ವಿಚ್ಚನ್ನೂ ತಿಂದುಹಾಕುತ್ತದೆ. 14500 ಎಂಬ ಲಿಥಿಯಂ ಸೆಲ್ಲು ನೋಡಲು ಪೆನ್ಸಿಲ್ ಸೆಲ್ಲಿನಷ್ಟೇ ಇರುತ್ತದೆ, ಆದರೆ ಪೂರ್ತಿ ಚಾರ್ಜಾದಾಗ 4.2 ವೋಲ್ಟ್, 1.5 ವೋಲ್ಟಿನ ಟಾರ್ಚಿಗೆ ಅದನ್ನು ಹಾಕಿದರೆ ಟಾರ್ಚು ಸುಟ್ಟುಹೋಗಬಹುದು. ಯುಎಸ್‌ಬಿ ಸಿ ಕಿಂಡಿಯಿರುವ ಕೆಲವು ಅಗ್ಗದ ಟಾರ್ಚುಗಳು ಎರಡೂ ತುದಿಯಲ್ಲಿ ಸಿ ಪಿನ್ನಿರುವ ಕೇಬಲ್ಲಿನಿಂದ ಚಾರ್ಜೇ ಆಗುವುದಿಲ್ಲ, ಏಕೆಂದರೆ ಚಾರ್ಜರಿಗೆ ಗುರುತು ಹೇಳುವ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಹಾಕದೆ ಬಿಟ್ಟಿರುತ್ತಾರೆ. ಹಳೆಯ ಚಪ್ಪಟೆ ಪಿನ್ನಿನ ಕೇಬಲ್ ಹಾಕಿದರೆ ಆಗುತ್ತದೆ. ಅಂಥ ಟಾರ್ಚು ಕೆಟ್ಟಿದೆ ಎಂದು ಎಸೆಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಅಂಗಡಿಗೆ ಹೋದಾಗ ಡಬ್ಬಿ ತೆರೆಸಿ ಟಾರ್ಚನ್ನು ಕೈಗೆ ತೆಗೆದುಕೊಳ್ಳಿ. ಯಾರಿಗಾಗಿ ಕೊಳ್ಳುತ್ತಿದ್ದೀರೋ ಅವರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಯಾವ ವಿವರಣೆಯನ್ನೂ ಕೊಡದೆ ಅವರ ಕೈಗೆ ಕೊಟ್ಟು, ಹೊತ್ತಿಸಿ, ಬೆಳಕು ಕಡಿಮೆ ಮಾಡಿ, ಆರಿಸಿ ಎನ್ನಿ. ಗುಂಡಿಯನ್ನು ಕಣ್ಣಿನಿಂದ ಹುಡುಕುತ್ತಿದ್ದಾರೋ ಬೆರಳಿನಿಂದ ಕಂಡುಕೊಳ್ಳುತ್ತಿದ್ದಾರೋ ಗಮನಿಸಿ. ಕೈ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಒತ್ತಿಸಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಈ ಪರೀಕ್ಷೆಯನ್ನು ಮನೆಯಲ್ಲೇ, ವಾಪಸು ಕಳಿಸುವ ಗಡುವು ಮುಗಿಯುವ ಮೊದಲು ಮಾಡಿ.